ಹುಲಿಕುಂಟಿ ಗುಡ್ಡದ ಮರಗಳ ವರ್ಗಾವಣೆ

ಕುರುಗೋಡು ಸೀಮೆಯ ಹುಲಿಕುಂಟಿ ಗುಡ್ಡದ ಮೇಲಿದ್ದ ನಾಲ್ಕು ಸಾವಿರದ ನೂರ ಹನ್ನೆರಡು ಮರಗಳನ್ನು ಯಾರೂ ಕಡಿದಿಲ್ಲ. ಆಡಳಿತಾತ್ಮಕ ಕಾರಣಗಳಿಗಾಗಿ ಅವನ್ನು ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಗೆ ವರ್ಗಾಯಿಸಲಾಗಿದೆ. ಈ ಕುರಿತು ಹೊರಟ ಆದೇಶಗಳೆಲ್ಲ ಕ್ರಮಬದ್ಧವಾಗಿವೆ. ಒಂದೊಂದರ ಕೆಳಗೂ ಉಜ್ಜಿನಪ್ಪನವರ ದುಂಡನೆಯ ಸಹಿ ಇದೆ.

ಉಜ್ಜಿನಪ್ಪನವರು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಮೂವತ್ತೊಂದು ವರ್ಷ ಕೂತು, ವರ್ಗಾವಣೆ ಆದೇಶಗಳನ್ನು ಬರೆದು ಬರೆದು, ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಅವರ ಪೆನ್ನು ಅಲ್ಲಾಡಿದರೆ ಹಡಗಲಿಯ ಗುಮಾಸ್ತ ಸಂಡೂರಿನಲ್ಲಿ ಗಂಟುಮೂಟೆ ಇಳಿಸುತ್ತಿದ್ದ, ಸಂಡೂರಿನ ಕಾಂಪೌಂಡರ್ ಕೂಡ್ಲಿಗಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ನಿವೃತ್ತಿಯ ಮರುದಿನದಿಂದ ಅವರಿಗೆ ವರ್ಗಾಯಿಸಲು ಯಾರೂ ಸಿಗಲಿಲ್ಲ. ಗಾಂಧಿನಗರದ ಮನೆಯಲ್ಲಿ ಉಪ್ಪಿನಕಾಯಿ ಭರಣಿಯನ್ನು ಅಡುಗೆಮನೆಯಿಂದ ದೇವರ ಕೋಣೆಗೂ, ರುಬ್ಬುಗುಂಡನ್ನು ಹಿತ್ತಲಿನಿಂದ ಪಡಸಾಲೆಗೂ ವರ್ಗಾಯಿಸಿ ನೋಡಿದರು. ಭರಣಿ ತಕರಾರು ಮಾಡಲಿಲ್ಲ. ಹೆಂಡತಿ ಸುವರ್ಣಮ್ಮ ಮಾತ್ರ ತಡೆಯಾಜ್ಞೆ ಕೊಟ್ಟರು.

ಅದು ಕೆಂಪು ಮಣ್ಣಿಗೆ ಬೆಲೆ ಬಂದ ಕಾಲ. ಬಳ್ಳಾರಿಯಲ್ಲಿ ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಅದನ್ನುಟ್ಟು ಹೊರಟ ಗೃಹಸ್ಥರಿಗೆ ದಾರಿಯಲ್ಲಿ ಅಪರಿಚಿತರು ಕೈಮುಗಿಯುತ್ತಿದ್ದರು. ಹುಲಿಕುಂಟಿ ಗುಡ್ಡದ ಅದಿರಿನ ಲೀಸು ಎರ್ರಣ್ಣ ಎಂಬ ಸಾಹುಕಾರರದು. ಅದಿರು ಕೆಳಗಿತ್ತು, ಕಾಡು ಮೇಲಿತ್ತು. ಮೇಲಿನದನ್ನು ತೆಗೆಯದೆ ಕೆಳಗಿನದು ಬರುವುದಿಲ್ಲ ಎಂಬ ನಿಸರ್ಗ ನಿಯಮವನ್ನು ಎರ್ರಣ್ಣನವರು ಗೌರವಿಸಿದರು. ಅಷ್ಟಾದ ಮೇಲೆ ಒಂದು ಪತ್ರಿಕೆ ಗುಡ್ಡದ ಫೋಟೋ ಹಾಕಿತು. ಅದರಲ್ಲಿ ಬುಡಗಳಿದ್ದವು, ಮರಗಳಿರಲಿಲ್ಲ. ಕಾಲೇಜು ಹುಡುಗರು, ಗುಡ್ಡದ ಕೆಳಗಿನ ಊರಿನವರು ಎಲ್ಲ ಸೇರಿ ರಾಯಲ್ ಸರ್ಕಲ್ಲಿನಲ್ಲಿ ಕೂತು ಘೋಷಣೆ ಕೂಗಿದರು.

ಎರ್ರಣ್ಣನವರು ಮೊದಲು ಬೆಂಗಳೂರಿನಿಂದ ಪ್ರಚಾರದವರನ್ನು ಕರೆಸಿದರು. ಅವರು ‘ಹಸಿರೇ ನಮ್ಮ ಅದಿರು’ ಎಂದು ಬರೆದು ಒಂದು ದೊಡ್ಡ ಬೋರ್ಡು ನಿಲ್ಲಿಸಿದರು. ಬೋರ್ಡಿನಲ್ಲಿ ಜಿಂಕೆ ಇತ್ತು, ಜಿಂಕೆಯ ಹಿಂದೆ ಹಿಮದ ಬೆಟ್ಟವಿತ್ತು. ಕುರುಗೋಡಿನಲ್ಲಿ ಹಿಮ ಯಾವಾಗ ಬಿತ್ತು ಎಂದು ಜನ ಕೇಳಿದರು. ಅದು ಸಾಂಕೇತಿಕ ಹಿಮವೆಂದು ಪ್ರಚಾರದವರು ಉತ್ತರ ಕೊಟ್ಟರು. ಅವರನ್ನು ಬಸ್ಸು ಹತ್ತಿಸಿ, ಎರ್ರಣ್ಣನವರು ಉಜ್ಜಿನಪ್ಪನವರ ಮನೆಗೆ ಕಾರು ಕಳಿಸಿದರು.

“ಉಜ್ಜಿನಪ್ನೋರೆ, ಮರ ಕಡದಾರ, ಮರ ಕಡದಾರ ಅಂತ ಊರೆಲ್ಲಾ ಒದರಾಕ ಹತ್ತೈತಿ. ಕಡಿಯೋದು ಅನ್ನೋ ಮಾತು ಕಿವಿಗೆ ಬಾಳ ಒರಟು ಐತಿ. ಅದಕ್ಕ ಬ್ಯಾರೆ ಮಾತು ಇಲ್ಲೇನ್ರಿ?”

ಉಜ್ಜಿನಪ್ಪನವರು ಕನ್ನಡಕ ಒರೆಸಿಕೊಂಡು ಯೋಚಿಸಿದರು. ಅವರಿಗೆ ಗೊತ್ತಿದ್ದದ್ದು ಒಂದೇ ಮಾತು.

“ಸಾಹುಕಾರ್ರ, ಆಫೀಸಿನಾಗ ಒಂದು ಕುರ್ಚಿ ಖಾಲಿ ಐತಿ ಅಂತ ಇಟ್ಕೊಳ್ರಿ. ನೋಡಿದೋರು ಕೊಲಿ ಆಗೇತಿ ಅಂತಾರೇನು? ವರ್ಗ ಆಗೇತಿ ಅಂತಾರ. ಖಾಲಿ ಕುರ್ಚಿ ಯಾವ ಕಾನೂನಿನಾಗೂ ಗುನ್ನೆ ಅಲ್ರಿ.”

ಎರ್ರಣ್ಣನವರು ಎದ್ದು ನಿಂತು ‘ಬಾಗುಂದಿ, ಬಾಗುಂದಿ’ ಎಂದು ಎರಡು ಸಲ ತೆಲುಗಿನಲ್ಲೇ ಮೆಚ್ಚಿದರು. ಅಂದೇ ಗಾಂಧಿನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ‘ವೃಕ್ಷ ಸಿಬ್ಬಂದಿ ಶಾಖೆ’ ಎಂದು ಬೋರ್ಡು ಹಾಕಿಸಿ, ಉಜ್ಜಿನಪ್ಪನವರನ್ನು ಅದರ ಮುಖ್ಯಸ್ಥರನ್ನಾಗಿ ಕೂರಿಸಿದರು. ಬಹಳ ದಿನಗಳ ಮೇಲೆ ಆ ಸಂಜೆ ಉಜ್ಜಿನಪ್ಪನವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಉಪ್ಪಿನಕಾಯಿ ಭರಣಿಯ ತಂಟೆಗೆ ಹೋಗಲಿಲ್ಲ.

ಮೊದಲನೆಯ ಆದೇಶ ಹೀಗಿತ್ತು:

‘ಶ್ರೀ ಕಮರ, ಗುಡ್ಡದ ಉತ್ತರ ಇಳಿಜಾರು, ಇವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತಕ್ಷಣ ಜಾರಿಗೆ ಬರುವಂತೆ ಹಾಗೂ ಮುಂದಿನ ಆದೇಶದವರೆಗೆ ಸಿರಿಗೇರಿಗೆ ವರ್ಗಾಯಿಸಿದೆ. ಸದರಿಯವರು ಏಳು ದಿನಗಳೊಳಗಾಗಿ ಹೊಸ ಸ್ಥಳದಲ್ಲಿ ಬೇರೂರಿ, ಹಾಜರಾತಿ ವರದಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’

ಕಮರ, ದಿಂಡಿಗ, ಕಗ್ಗಲಿ, ಬೇವು, ಹುಣಸೆ ಎಲ್ಲ ಜಾತಿಯ ಮರಗಳಿಗೂ ಹೀಗೆಯೇ ಬರೆದರು. ಅರಳಿ ಮತ್ತು ಬೇವು ಒಂದೇ ಕಟ್ಟೆಯ ಮೇಲೆ ಮದುವೆಯಾಗಿ ನಿಂತಿದ್ದವು. ಅವನ್ನು ಅಗಲಿಸಿದರೆ ನಿಯಮ ಒಪ್ಪುವುದಿಲ್ಲವೆಂದು, ಪತಿ-ಪತ್ನಿ ಪ್ರಕರಣದಡಿ ಒಂದೇ ಕಡೆಗೆ ಹಾಕಿದರು. ಗಂಧದ ಮರಗಳು ಯಾವ ಆದೇಶಕ್ಕೂ ಕಾಯದೆ ಹತ್ತು ವರ್ಷದ ಹಿಂದೆಯೇ ಒಂದೊಂದಾಗಿ ಹೋಗಿಬಿಟ್ಟಿದ್ದವು. ಅವುಗಳ ಮುಂದೆ ‘ಸ್ವಂತ ಕೋರಿಕೆಯ ಮೇರೆಗೆ’ ಎಂದು ನಮೂದಿಸಿದರು.

ಪಟ್ಟಿ ಪ್ರಕಟವಾದ ದಿನವೇ ಊರಿನ ಬಿಸಿ ಇಳಿಯಿತು. ವರ್ಗಾವಣೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಪ್ರತಿ ಮನೆಯಲ್ಲೂ ಅದನ್ನು ಅನುಭವಿಸಿದವರಿದ್ದರು. ರಾಯಲ್ ಸರ್ಕಲ್ಲಿನಲ್ಲಿ ಕೂತವರು ‘ಕಾಡು ಉಳಿಸಿ’ ಎನ್ನುವುದನ್ನು ಬಿಟ್ಟು ‘ವರ್ಗಾವಣೆ ರದ್ದುಪಡಿಸಿ’ ಎಂದು ಕೂಗತೊಡಗಿದರು. ಅದಕ್ಕೆ ಮೇಲ್ಮನವಿಯ ನಮೂನೆ ಇತ್ತು, ಕೊಟ್ಟು ಕಳಿಸಲಾಯಿತು. ರೂಪನಗುಡಿಯಿಂದ ಒಬ್ಬರು ಬಂದು, ಒಂದು ಒಳ್ಳೆಯ ಬೇವನ್ನು ತಮ್ಮ ಮನೆ ಮುಂದಕ್ಕೆ ಹಾಕಿಸಿಕೊಡಬೇಕೆಂದು ದೊಡ್ಡವರ ಶಿಫಾರಸು ಪತ್ರ ತೋರಿಸಿದರು. ಮುಂದಿನ ಸಾರ್ವತ್ರಿಕ ವರ್ಗಾವಣೆಯಲ್ಲಿ ನೋಡೋಣವೆಂದು ಉಜ್ಜಿನಪ್ಪನವರು ಸಮಾಧಾನ ಹೇಳಿದರು.

ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ ಈರಮ್ಮ ಬಂದಳು.

ಈರಮ್ಮ ಗುಡ್ಡದ ಕೆಳಗಿನ ಊರಿನವಳು. ಅರವತ್ತು ದಾಟಿತ್ತು. ಗುಡ್ಡದ ಮೇಲಿನ ಒಂದು ಹುಣಸೆ ಮರದ ಹಣ್ಣು ಆರಿಸಿ, ಬೀಜ ಬಡಿದು ತೆಗೆದು, ಉಂಡೆ ಕಟ್ಟಿ ಕುರುಗೋಡು ಸಂತೆಗೆ ಒಯ್ಯುವುದು ಅವಳ ಕೆಲಸ. ಅವಳ ತಾಯಿಗೂ ಅದೇ ಮರ, ಅದೇ ಕೆಲಸ. ಅವಳು ಯಾವ ಘೋಷಣೆಯನ್ನೂ ಕೂಗಿದವಳಲ್ಲ. ಕಂಕುಳಲ್ಲಿ ಖಾಲಿ ಚೀಲ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

“ಸಾಹೇಬ್ರ, ನಮ್ಮ ಹುಣಸಿ ಗಿಡ ವರ್ಗ ಆಗೇತಂತ. ಎಲ್ಲಿಗೆ ಆಗೇತಿ, ಅಡ್ರೆಸ್ ಕೊಡ್ರಿ. ಹೋಗಿ ಬರ್ತೀನಿ. ಕಾಯಿ ಬಲತಿರ್ತಾವ.”

ಉಜ್ಜಿನಪ್ಪನವರು ಮೂವತ್ತೊಂದು ವರ್ಷದಲ್ಲಿ ವಿಳಾಸ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಪಟ್ಟಿ ಬಿಡಿಸಿ, ಮರ ಎಲ್ಲಿ ನಿಂತಿತ್ತೆಂದು ವಿಚಾರಿಸಿ, ಕ್ರಮಸಂಖ್ಯೆ ಎರಡು ಸಾವಿರದ ಮುನ್ನೂರ ಏಳು ಎಂದು ಕಂಡುಹಿಡಿದರು. ಆದೇಶದ ನಕಲಿಗೆ ಮೊಹರು ಒತ್ತಿ ಕೈಗಿತ್ತರು. ಸಿರಿಗೇರಿಯಲ್ಲಿ ದೊಡ್ಡಬಸವರಾಜ ಎಂಬ ರೈತರ ಬೀಳು ಭೂಮಿ, ಹನ್ನೆರಡು ಎಕರೆ, ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದು ಬಸ್ಸಿನ ಹೊತ್ತು ಸಮೇತ ಹೇಳಿದರು.

ಈರಮ್ಮ ಎರಡು ಬಸ್ಸು ಬದಲಿಸಿ ಸಿರಿಗೇರಿಗೆ ಹೋದಳು. ಹೋದವಳು ಮೂರನೆಯ ದಿನ ಅದೇ ಖಾಲಿ ಚೀಲದೊಂದಿಗೆ ಮರಳಿ ಬಂದಳು.

“ಇನ್ನಾ ಬಂದಿಲ್ಲಂತ್ರಿ. ದೊಡ್ಡಬಸವರಾಜಪ್ಪ ನೀರು ಕೊಟ್ಟು ಕುಂದ್ರಿಸಿದ, ಹೊಲ ಎಲ್ಲಾ ತೋರಿಸಿದ. ಬರೇ ಬಳ್ಳಾರಿ ಜಾಲಿ ಐತ್ರಿ ಅಲ್ಲಿ. ಏಳು ದಿನ ಅಂತ ಬರದೀರಿ, ಇಪ್ಪತ್ತೆರಡು ಆತು. ದಾರಿಯಾಗ ಏನಾರ ಆತೋ ಏನೋ, ಒಂಚೂರು ವಿಚಾರಸ್ರಿ.”

ಮರ ಎಲ್ಲಿ ಹೋಯಿತು ಎನ್ನುವುದಕ್ಕಿಂತ, ತಮ್ಮ ಆದೇಶವನ್ನು ಒಬ್ಬರು ಪಾಲಿಸಿಲ್ಲ ಎನ್ನುವುದು ಉಜ್ಜಿನಪ್ಪನವರನ್ನು ಚುಚ್ಚಿತು. ಎಂಥೆಂಥ ಪ್ರಭಾವಿಗಳೂ ಕೊನೆಗೆ ಗೊಣಗುತ್ತಲಾದರೂ ಹೋಗಿ ಹಾಜರಾಗಿದ್ದರು. ಸಿರಿಗೇರಿಗೆ ಫೋನು ಮಾಡಿ ವಿಚಾರಿಸಿದರು. ಒಂದಲ್ಲ, ನಾಲ್ಕು ಸಾವಿರದ ನೂರ ಹನ್ನೆರಡೂ ಗೈರುಹಾಜರು. ಪತಿ-ಪತ್ನಿ ಪ್ರಕರಣ ಕೂಡ.

ಹುದ್ದೆ ಖಾಲಿ ಬಿಡುವಂತಿಲ್ಲ. ತಾತ್ಕಾಲಿಕ ವ್ಯವಸ್ಥೆಯಾಗಿ, ಸದರಿ ಸ್ಥಳದಲ್ಲಿ ಈಗಾಗಲೇ ಇರುವ ಬಳ್ಳಾರಿ ಜಾಲಿಗೆ ತನ್ನ ಕೆಲಸದ ಜೊತೆಗೆ ಎಲ್ಲ ಮರಗಳ ಹೆಚ್ಚುವರಿ ಪ್ರಭಾರ ವಹಿಸಿ ಆದೇಶ ಮಾಡಿದರು. ಜಾಲಿ ಅದನ್ನು ನಿರಾಕರಿಸಲಿಲ್ಲ. ಸುತ್ತಲಿನವರ ಹೇಳಿಕೆಯಂತೆ ಅದು ಯಾವ ಜಾಗವನ್ನೂ ಎಂದೂ ನಿರಾಕರಿಸಿದ್ದಿಲ್ಲ. ಆಮೇಲೆ ಗೈರುಹಾಜರಾದ ಮರಗಳಿಗೆ ಕಾರಣ ಕೇಳಿ ನೋಟಿಸು ತಯಾರಿಸಿದರು. ಖುದ್ದಾಗಿ ಕೈಗೆ ಕೊಡಲಾಗದಿದ್ದಲ್ಲಿ ಕೊನೆಯ ವಾಸಸ್ಥಳಕ್ಕೆ ಅಂಟಿಸಬೇಕೆಂಬುದು ನಿಯಮ. ಅಂಟಿನ ಡಬ್ಬಿ ಹಿಡಿದು ಉಜ್ಜಿನಪ್ಪನವರು ಮೊದಲ ಸಲ ಹುಲಿಕುಂಟಿ ಗುಡ್ಡ ಹತ್ತಿದರು. ದಾರಿ ತೋರಿಸಲು ಈರಮ್ಮ ಮುಂದೆ ನಡೆದಳು.

ಮೇಲೆ ಬುಡಗಳಿದ್ದವು. ಕಣ್ಣು ಹಾಯುವವರೆಗೆ ಇದ್ದವು. ಊಟಕ್ಕೆ ಹಾಕಿದ ಸಾಲಿನಿಂದ ಜನ ಎದ್ದು ಹೋದ ಮೇಲೆ ಉಳಿದ ಮಣೆಗಳ ಹಾಗೆ ಕಾಣುತ್ತಿದ್ದವು. ಉಜ್ಜಿನಪ್ಪನವರು ಒಂದೊಂದಕ್ಕೂ ನೋಟಿಸು ಅಂಟಿಸುತ್ತ ಹೋದರು. ಎರಡು ಸಾವಿರದ ಮುನ್ನೂರ ಏಳನೆಯ ಬುಡಕ್ಕೆ ಬಂದಾಗ ಅಂಟು ಹಿಡಿಯಲಿಲ್ಲ. ಬುಡದ ಮೇಲ್ಭಾಗ ಇನ್ನೂ ಜಿನುಗುತ್ತಿತ್ತು. ಅವರು ಅಂಗೈಯಿಂದ ಒರೆಸಿದರು, ಮತ್ತೆ ಜಿನುಗಿತು. ಈರಮ್ಮ ಸೆರಗಿನಿಂದ ಒರೆಸಿ, ‘ಈಗ ಹಚ್ಚರಿ’ ಎಂದಳು. ಅವರಿಗೆ ಹಚ್ಚಲಾಗಲಿಲ್ಲ. ಆ ಒಂದು ನೋಟಿಸನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಇಳಿದು ಬಂದರು.

ಮನೆಯಲ್ಲಿ ಊಟಕ್ಕೆ ಕೂತಾಗ ಸುವರ್ಣಮ್ಮನವರಿಗೆ ಎಲ್ಲ ಹೇಳಿದರು. ಒಂದು ಮರವೂ ಆದೇಶಕ್ಕೆ ಬೆಲೆ ಕೊಡಲಿಲ್ಲ, ನೋಟಿಸಿಗೆ ಉತ್ತರವನ್ನೂ ಕೊಡುವಂತೆ ಕಾಣುವುದಿಲ್ಲ ಎಂದರು. ಸುವರ್ಣಮ್ಮ ಸಾರು ಬಡಿಸುತ್ತ ಹೇಳಿದರು:

“ಅವು ಸತ್ತಾವ್ರಿ. ಸತ್ತೋರು ಹೆಂಗ ಡ್ಯೂಟಿಗೆ ಹೋಗ್ತಾರ?”

ಉಜ್ಜಿನಪ್ಪನವರ ತುತ್ತು ಕೈಯಲ್ಲೇ ನಿಂತಿತು. ಇಷ್ಟು ಸರಳ ಸಂಗತಿ ಕಡತದಲ್ಲಿ ಎಲ್ಲೂ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಟ್ಟಿಯ ಕೊನೆಯ ಅಂಕಣದಲ್ಲಿ ಮೊದಲಿನಿಂದ ಕೊನೆಯವರೆಗೆ ‘ಮೃತ’ ಎಂದು ಬರೆದರು. ಬದುಕಿನಲ್ಲಿ ಮೊದಲ ಬಾರಿಗೆ ತಾವು ಯಾರಿಗೂ ಅನುಕೂಲವಲ್ಲದ ಒಂದು ನಿಜವನ್ನು ಬರೆಯುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿತು. ಕೆಲಸ ಹೋಗುತ್ತದೆ, ಹೋಗಲಿ ಎಂದುಕೊಂಡು ಪಟ್ಟಿಯನ್ನು ಎರ್ರಣ್ಣನವರ ಮುಂದಿಟ್ಟರು.

ಎರ್ರಣ್ಣನವರು ಅದನ್ನು ಮೂರು ಸಲ ಓದಿದರು. ಅವರ ಚಿಂತೆ ಬೇರೆಯದಿತ್ತು. ಹುಲಿಕುಂಟಿ ಗುಡ್ಡದಲ್ಲಿ ಕಾಡು ಇದೆಯೋ ಇಲ್ಲವೋ ಎಂದು ಎಣಿಸಲು ಬೆಂಗಳೂರಿನಿಂದ ಒಂದು ಸಮಿತಿ ಹೊರಟಿತ್ತು. ಬರಲು ಹದಿನೈದು ದಿನ ಉಳಿದಿತ್ತು.

“ನೌಕರಿಯಾಗ ಇದ್ದಾಗ ಸತ್ರ ರೂಲು ಏನು ಹೇಳ್ತೈತ್ರಿ?” ಎಂದು ಸುಮ್ಮನೆ ಕೇಳಿದರು.

ಉಜ್ಜಿನಪ್ಪನವರು ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿದರು. ಆದರೆ ನಿಯಮ ಗೊತ್ತಿದ್ದೂ ಹೇಳದೆ ಸುಮ್ಮನಿರುವುದು ಅವರಿಂದ ಎಂದೂ ಆದದ್ದಲ್ಲ. ಸೇವೆಯಲ್ಲಿರುವಾಗ ಮೃತಪಟ್ಟಲ್ಲಿ, ಮೃತರ ಅವಲಂಬಿತರೊಬ್ಬರನ್ನು ಅನುಕಂಪದ ಆಧಾರದ ಮೇಲೆ ನೇಮಕ ಮಾಡತಕ್ಕದ್ದು ಎಂದು ಅವರ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು.

ಎರ್ರಣ್ಣನವರು ಮತ್ತೆ ಎದ್ದು ನಿಂತರು. ಅವರ ಕಣ್ಣಿನಲ್ಲಿ ನೀರಿತ್ತು. ಆ ಗುಡ್ಡದ ಮೇಲೆ ಇಷ್ಟೊಂದು ಸಾವಾಗಿದೆ, ಆದರೂ ಒಬ್ಬ ವಾರಸುದಾರನಿಗೂ ತಾವು ನ್ಯಾಯ ಕೊಟ್ಟಿಲ್ಲವಲ್ಲ ಎಂದು ಅವರು ಮರುಗಿದರು. ಮರುದಿನ ಊರೂರಿಗೆ ಆಟೋದಲ್ಲಿ ಮೈಕು ಕಟ್ಟಿ ಈ ಪ್ರಕಟಣೆ ಓದಿಸಲಾಯಿತು:

‘ಹುಲಿಕುಂಟಿ ಗುಡ್ಡದಲ್ಲಿ ಖಾಲಿ ಇರುವ ಮರದ ಹುದ್ದೆಗಳಿಗೆ ಮೃತ ಮರಗಳ ಅವಲಂಬಿತರಿಂದ ಅರ್ಜಿ ಕರೆಯಲಾಗಿದೆ. ಅಭ್ಯರ್ಥಿಯು ನಿಲ್ಲಲು ಬರುವವರಾಗಿರಬೇಕು. ವಿದ್ಯಾರ್ಹತೆ ಅಗತ್ಯವಿಲ್ಲ, ಇದ್ದಲ್ಲಿ ತೋರ್ಪಡಿಸತಕ್ಕದ್ದಲ್ಲ. ಹಕ್ಕಿ ಬಂದು ಕುಳಿತಲ್ಲಿ ಓಡಿಸುವಂತಿಲ್ಲ. ಕರ್ತವ್ಯದ ಅವಧಿ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಭಾನುವಾರ ಕಾಡು ಇರುವುದಿಲ್ಲ.’

ಕಾಡು ಹೋದ ಮೇಲೆ ಗುಡ್ಡದ ಕೆಳಗಿನ ಊರುಗಳಲ್ಲಿ ಹುಲ್ಲು, ಸೀತಾಫಲ, ಜೇನು, ಸೌದೆ ಯಾವುದೂ ಉಳಿದಿರಲಿಲ್ಲ. ಬೆಳೆಯ ಮೇಲೆ ಕೆಂಪು ದೂಳು ಕೂತಿತ್ತು. ಹಾಗಾಗಿ ಅರ್ಜಿಗಳು ರಾಶಿ ಬಿದ್ದವು. ಮರವನ್ನು ಅವಲಂಬಿಸಿದ್ದಕ್ಕೆ ದಾಖಲೆ ಬೇಕಿತ್ತು. ಬೇವಿನ ಕೆಳಗೆ ಮೂರು ತಲೆಮಾರಿನಿಂದ ಹೊಲಿಗೆ ಮಷಿನ್ ಇಟ್ಟಿದ್ದ ಹುಸೇನಬಾಷಾ, ಮಷಿನ್ನಿನ ನಾಲ್ಕು ಕಾಲಿನ ಗುರುತು ತೋರಿಸಿ ಬೇವಿನ ಹುದ್ದೆ ಪಡೆದ. ತೀರಾ ಸಪೂರವಿದ್ದುದರಿಂದ ಅವನನ್ನು ಎರಡು ವರ್ಷ ಪರೀಕ್ಷಾರ್ಥ ಅವಧಿಯಲ್ಲಿ ಸಸಿ ಎಂದು ಇರಿಸಲಾಯಿತು. ಪತಿ-ಪತ್ನಿ ಪ್ರಕರಣದ ಎರಡು ಹುದ್ದೆಗಳನ್ನು ಆರು ವರ್ಷದಿಂದ ಮಾತು ಬಿಟ್ಟಿದ್ದ ಗಂಡ ಹೆಂಡತಿ ಇಬ್ಬರಿಗೆ ಕೊಟ್ಟರು. ಅವರು ಮರಗಳಾಗಿ ಬಹಳ ಚೆನ್ನಾಗಿ ಹೊಂದಿಕೊಂಡರು.

ಈರಮ್ಮ ಅರ್ಜಿ ಹಾಕಲಿಲ್ಲ. ಉಜ್ಜಿನಪ್ಪನವರೇ ಅವಳನ್ನು ಗ್ರಾಮ ಲೆಕ್ಕಿಗ ಅಲ್ತಾಫನ ಬಳಿ ಕರೆದೊಯ್ದರು. ಅವಳನ್ನು ಸುಮ್ಮನೆ ಸಿರಿಗೇರಿಗೆ ಅಲೆಸಿದ್ದಕ್ಕೆ ಪ್ರತಿಯಾಗಿ ಏನಾದರೂ ಮಾಡಬೇಕೆಂದು ಅವರಿಗೆ ಅನ್ನಿಸಿತ್ತು, ಮತ್ತು ಅವರಿಗೆ ಮಾಡಲು ಬರುತ್ತಿದ್ದದ್ದು ಇದೊಂದೇ. ಅಲ್ತಾಫ್ ನಮೂನೆಯ ಕಟ್ಟು ಬಿಚ್ಚಿ, ಹಿಂದೆ ಮುಂದೆ ತಿರುವಿ ನೋಡಿ, ಬೇಸರದಿಂದ ಹೇಳಿದ:

“ವಂಶದ ವೃಕ್ಷ ಬರ್ಕೊಡಾಕ ನಮೂನಿ ಐತ್ರಿ ಸರ್. ವೃಕ್ಷದ ವಂಶ ಬರ್ಕೊಡಾಕ ಇಲ್ಲ.”

ಸಂಬಂಧವೇನೆಂದು ಅವನು ಈರಮ್ಮನನ್ನೇ ಕೇಳಿದ. ಅವಳು, ತುಂಬು ಬಸುರಿಯಾಗಿ ಹಣ್ಣು ಆರಿಸಲು ಹೋಗಿದ್ದ ತನ್ನವ್ವ ಆ ಗಿಡದ ಬುಡದಲ್ಲೇ ತನ್ನನ್ನು ಹಡೆದಳು, ಹೊಕ್ಕುಳ ಬಳ್ಳಿ ಅಲ್ಲೇ ಹೂತಿದೆ ಎಂದಳು. ಅಲ್ತಾಫ್ ಪೆನ್ನಿನ ಮುಚ್ಚಳ ತೆಗೆದ. ಸಂಬಂಧ ಎಂಬ ಜಾಗದಲ್ಲಿ ‘ಮಗಳು’ ಎಂದು ಬರೆದು, ಯಾರ ಮುಖವನ್ನೂ ನೋಡದೆ ಮೊಹರು ಒತ್ತಿದ.

ದೇಹದಾರ್ಢ್ಯ ಪರೀಕ್ಷೆಗೆ ಒಂದು ಟೇಬಲ್ ಫ್ಯಾನ್ ತರಿಸಿದ್ದರು. ಗಾಳಿಗೆ ತುಸುವೇ ತೂಗಿದವರು ಪಾಸು, ಪೂರ್ತಿ ಬಿದ್ದವರು ಫೇಲು. ಈರಮ್ಮ ಪಾಸಾದಳು. ನೇಮಕಾತಿ ಆದೇಶದಲ್ಲಿ ಅವಳ ಹುದ್ದೆ ‘ಹುಣಸೆ, ಕ್ರಮಸಂಖ್ಯೆ 2307’ ಎಂದಿತ್ತು.

ಸಮಿತಿ ಬಂತು. ಅಧ್ಯಕ್ಷರು ಹ್ಯಾಟು ಹಾಕಿಕೊಂಡು ಗುಡ್ಡ ಹತ್ತಿದರು. ಒಂದೊಂದು ಬುಡದ ಮೇಲೂ ಒಬ್ಬೊಬ್ಬರು ಕೈ ಚಾಚಿ ನಿಂತಿದ್ದರು. ಕುತ್ತಿಗೆಯಲ್ಲಿ ಜಾತಿಯ ಹೆಸರಿನ ಬಿಲ್ಲೆ, ಬೆರಳ ಸಂದಿಯಲ್ಲಿ ನಾಲ್ಕು ಎಲೆ. ಅಧ್ಯಕ್ಷರು ಈರಮ್ಮನ ಮುಂದೆ ನಿಂತು ಬಿಲ್ಲೆ ಓದಿದರು. ನೀವು ಹುಣಸೆಯೇ ಎಂದು ಕೇಳಿದರು. ಹೌದ್ರಿ ಎಂದಳು. ಯಾವಾಗಿನಿಂದ ಎಂದರು. ಸೋಮವಾರದಿಂದ ಎಂದಳು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದ್ದಕ್ಕೆ, ನಿಂತು ನಿಂತು ಕಾಲು ನೋಯುತ್ತವೆ ಎಂದಳು. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿ, ‘ಬೇರುಗಳಿಗೆ ಹೆಚ್ಚಿನ ಆರೈಕೆ ಅಗತ್ಯ’ ಎಂದು ಬರೆಸಿದರು.

ವರದಿ ಎರಡು ತಿಂಗಳಲ್ಲಿ ಹೊರಬಂತು. ಹುಲಿಕುಂಟಿಯದು ಸ್ಥಳೀಯ ತಳಿಗಳೇ ತುಂಬಿದ, ಸುಶಿಕ್ಷಿತ, ಸಮಯಪಾಲನೆಯುಳ್ಳ ಕಾಡು ಎಂದೂ, ಅಧಿಕಾರಿಗಳು ಬಂದಾಗ ನಮಸ್ಕರಿಸುವ ಅರಣ್ಯ ದೇಶದಲ್ಲಿ ಇದೊಂದೇ ಎಂದೂ ಅದರಲ್ಲಿತ್ತು. ಎರ್ರಣ್ಣನವರಿಗೆ ಹಸಿರು ಶಾಲು ಹೊದಿಸಿ ಸನ್ಮಾನಿಸಲಾಯಿತು. ಬುಡಗಳ ನಡುವಿನ ಜಾಗದಲ್ಲಿ ಅದಿರು ತೆಗೆಯಲು ಅನುಮತಿಯೂ ದೊರೆಯಿತು. ಯಂತ್ರ ಬಂದಾಗ ಮರಗಳು ತಾವಾಗಿಯೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದುದರಿಂದ ಕೆಲಸ ಮೊದಲಿಗಿಂತ ಚುರುಕಾಗಿ ನಡೆಯಿತು. ರಾಯಲ್ ಸರ್ಕಲ್ಲಿನಲ್ಲಿ ಕೂತಿದ್ದವರ ಪೈಕಿ ಅನೇಕರು ಈಗ ಗುಡ್ಡದ ಮೇಲೆ ದಿಂಡಿಗವಾಗಿದ್ದರು. ಕರ್ತವ್ಯದ ಅವಧಿಯಲ್ಲಿ ಮರ ಘೋಷಣೆ ಕೂಗುವಂತಿಲ್ಲವೆಂಬ ನಿಯಮವನ್ನು ಅವರು ಸಹಿ ಹಾಕಿ ಒಪ್ಪಿದ್ದರು.

ಉಜ್ಜಿನಪ್ಪನವರು ವಾರಕ್ಕೊಮ್ಮೆ ಹಾಜರಿ ಹಾಕಲು ಗುಡ್ಡಕ್ಕೆ ಹೋಗುತ್ತಿದ್ದರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹೊಸದಾಗಿ ತೋಡಿದ ಗುಂಡಿಯನ್ನು ಸುತ್ತಿ ಬಂದು, ಎರಡು ಸಾವಿರದ ಮುನ್ನೂರ ಏಳರ ಬಳಿ ಅವರಿಗೆ ತಲೆ ತಿರುಗಿದಂತಾಯಿತು. ಬಳ್ಳಾರಿಯ ಬಿಸಿಲು. ಸುತ್ತ ಎಲ್ಲಿ ನೋಡಿದರೂ ಕಾಡು, ಎಲ್ಲೂ ನೆರಳಿಲ್ಲ. ಈರಮ್ಮ ಸೆರಗನ್ನು ಎರಡು ಕೈಗೂ ಹರಡಿ ಹಿಡಿದಿದ್ದಳು. ಅದರ ಕೆಳಗೆ ಒಂದು ಮಣೆಯಷ್ಟಗಲ ತಂಪು ಬಿದ್ದಿತ್ತು. ಅವರು ಅದರಲ್ಲಿ ಕೂತರು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಅವಳ ಕಡೆ ಚಾಚಿದರು. ಡ್ಯೂಟಿಯಲ್ಲಿ ಮರ ಉಣ್ಣಬಹುದೋ ಇಲ್ಲವೋ ಎಂಬ ಬಗ್ಗೆ ನಿಯಮದಲ್ಲಿ ಸ್ಪಷ್ಟತೆ ಇರಲಿಲ್ಲ. ಈರಮ್ಮ ತಿಂದಳು.

ಆಮೇಲೆ ಅವಳು ಕೇಳಿದಳು:

“ಸಾಹೇಬ್ರ, ನೀವು ಆವತ್ತು ಅಡ್ರೆಸ್ ಬರ್ಕೊಟ್ರಲ್ಲ. ಅವತ್ತಿಗೆ ಅದು ಸತ್ತಿತ್ತೇನ್ರಿ?”

ಉಜ್ಜಿನಪ್ಪನವರು ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯ ಮೇಲಿಟ್ಟರು. ಉತ್ತರವನ್ನು ಕಡತದ ಭಾಷೆಯಲ್ಲಿ ಹೇಳಲು ಎರಡು ಸಲ ಬಾಯಿ ತೆರೆದರು.

“ಹೌದವ್ವ. ಸತ್ತಿತ್ತು.”

ಈರಮ್ಮ ತಲೆಯಾಡಿಸಿದಳು. ಕೆಳಗೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಅವಳು ಚಾಚಿದ ಕೈಯನ್ನು ಇಳಿಸಲಿಲ್ಲ.

“ಒಂಚೂರು ಇತ್ತ ಸರೀರಿ,” ಎಂದಳು. “ನೆರಳು ಈ ಕಡಿ ಹೊಂಟೈತಿ.”

ಉಜ್ಜಿನಪ್ಪನವರು ಸರಿದು ಕೂತು ಊಟ ಮುಗಿಸಿದರು.